ಜುಫೇರಿನಲ್ಲಿ ಮತ ಎಣಿಕೆ

ವಿಸ್ಕಾನ್ಸಿನ್ನಿನಲ್ಲಿ ರಾತ್ರಿ ಎಂಟಕ್ಕೆ ಮತಗಟ್ಟೆ ಮುಚ್ಚಿದರೆ
ಜುಫೇರಿನಲ್ಲಿ ಬೆಳಗಿನ ಜಾವ ನಾಲ್ಕು.
ನೌಕಾನೆಲೆಯ ಗೇಟಿನೆದುರು ನನ್ನ ಅಂಗಡಿ,
ಒಂದು ಟ್ಯೂಬ್‌ಲೈಟು, ಎರಡು ಮೆಷಿನು,
ಆರಕ್ಕೆ ಹೊರಡುವ ಹಡಗಿನ ಇಪ್ಪತ್ತಾರು ಅಂಗಿ,
ಒಂದೊಂದರ ಎದೆಗೂ ಹೊಲಿಯಬೇಕಾದ ಹೆಸರಿನ ಪಟ್ಟಿ.
ಸ್ಟೂಲಿನ ಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು
ಹಾಲ್ವರ್ಸನ್.

ಅದು ಅವಳ ಎದೆಯ ಹೆಸರು.
ಅಮ್ಮ ಕರೆಯುವ ಹೆಸರು ಬೇರೆ ಇರಬೇಕು, ಕೇಳಿಲ್ಲ.
ಅವರ ಲಿಪಿಯಲ್ಲಿ ಒಂಬತ್ತಕ್ಷರ, ನಡುನಡುವೆ ಎರಡು ಸೊನ್ನೆ.
ಮೊದಲು ಮುಗಿದ ಅಂಗಿಯನ್ನು
ಬಿಸಿ ಆರುವ ಮೊದಲೇ ತೊಟ್ಟು ಕೂತಿದ್ದಳು.

ಇದು ಅಧ್ಯಕ್ಷರನ್ನು ಆರಿಸುವ ಚುನಾವಣೆಯಲ್ಲವಂತೆ.
ಆರಿಸುವುದಕ್ಕೆ ಯಾರನ್ನು ನಿಲ್ಲಿಸಬೇಕು,
ಅದನ್ನು ಪಕ್ಷದೊಳಗೇ, ರಾಜ್ಯ ರಾಜ್ಯವೂ ಬೇರೆ ಬೇರೆ ದಿನ
ಆರಿಸುವ ಚುನಾವಣೆಯಂತೆ.
ಕಚ್ಚಾ ಹೊಲಿಗೆ ಅನ್ನು, ಅಂದೆ. ತೋರಿಸಿದೆ ಕೂಡ:
ಬಿಳಿ ದಾರ, ಉದ್ದುದ್ದ ಹೆಜ್ಜೆ,
ಮೈಗೆ ಕೂತರೆ ಮೆಷಿನಿಗೆ, ಕೂರದಿದ್ದರೆ
ಒಂದು ತುದಿ ಹಿಡಿದು ಎಳೆದರಾಯಿತು.
ನಕ್ಕಳು. ಅವಳು ಓಟು ಹಾಕಿದವನು
ಹಾಗೆ ಎಳೆದಾಗ ಬಂದುಬಿಟ್ಟ ದಾರ.

ಫೆಬ್ರವರಿಯಲ್ಲಿ, ಹಡಗಿನ ಊಟದ ಮೇಜಿನ ಮೇಲೆ
ಲಕೋಟೆಗೆ ನಾಲಿಗೆ ಸವರಿ ಅಂಟಿಸಿ ಕಳಿಸಿದ್ದಳು.
ಅದಿನ್ನೂ ಯಾವ ವಿಮಾನದ ಹೊಟ್ಟೆಯಲ್ಲಿತ್ತೋ,
ಆಸಾಮಿ ಮೈಕಿನ ಮುಂದೆ ನಿಂತು
ಹೆಂಡತಿಗೆ, ದೇವರಿಗೆ, ಕಾರ್ಯಕರ್ತರಿಗೆ ವಂದಿಸಿ
ಕಣದಿಂದ ಸರಿದ.
ಹೆಸರು ಮಾತ್ರ ಮತಪತ್ರದಲ್ಲಿ ಉಳಿಯಿತು,
ಅಚ್ಚಾದದ್ದನ್ನು ಬಿಚ್ಚಲು ಬರುವುದಿಲ್ಲ.

ಮತ್ಯಾಕಮ್ಮ ನಿದ್ದೆಗೆಡುತ್ತೀ ಎಂದು ಕನ್ನಡದಲ್ಲೇ ಕೇಳಿದೆ.
ಹೌದು ಹೌದು ಎಂಬಂತೆ ತಲೆ ಆಡಿಸಿದಳು.

ನಾಲ್ಕು ಗಂಟೆ ಎರಡು ನಿಮಿಷಕ್ಕೆ ಗೆದ್ದವನ ಹೆಸರು ಬಂತು.
ಇದಿನಬ್ಬ ತಂದಿಟ್ಟ ಚಹಾ ಇನ್ನೂ ಕೆನೆ ಕಟ್ಟಿರಲಿಲ್ಲ.
"ಇಷ್ಟೆಯಾ? ನಮ್ಮಲ್ಲಿ ಪಂಚಾಯತಿ ಎಣಿಕೆಗೇ
ಎರಡು ಸಲ ಲಾಠಿ ಏಳುತ್ತದೆ" ಅಂದ, ಬಾಂಗು ಕೇಳಿ ಎದ್ದುಹೋದ.

ಅವಳು ಗೆದ್ದವನನ್ನು ದಾಟಿ ಕೆಳಗೆ ಕೆಳಗೆ ಸರಿಸಿದಳು.
ತನ್ನ ಕೌಂಟಿ. ಅದರ ಕೊನೆಯ ಸಾಲು.
ಸೊನ್ನೆ.
ನಾನು ಎರಡು ಪಟ್ಟಿ ಮುಗಿಸಿದೆ. ಸೊನ್ನೆ.
ಮಸೀದಿಯಿಂದ ಚಪ್ಪಲಿಗಳು ಮರಳಿದವು. ಏಳು.

ನಮ್ಮ ಬೂತು ಗುಜ್ಜಾಡಿ ಶಾಲೆ, ಬಲಗಡೆಯ ಕೊಠಡಿ.
ಕಳೆದ ಸಲ ಹೆಂಡತಿ ಸಾಲಿನಲ್ಲಿ ನಿಂತೇ ಫೋನು ಮಾಡಿದ್ದಳು:
"ನಿಮ್ ಹೆಸ್ರ್ ಇಲ್ಲ ಅಂಬ್ರ್."
ಫೋಟೋ ಕಳಿಸಿದಳು. ಇತ್ತು. ಹದಿನೆಂಟು ವರ್ಷದ ಹಿಂದಿನ ಮೀಸೆ,
ಅದರ ಮೇಲೆ ಓರೆಯಾಗಿ ಒಂದು ಮುದ್ರೆ.
ಅದಕ್ಕೂ ಪಟ್ಟಿ ಎಂದೇ ಹೆಸರು.
ಬೇಜಾರೇನಿಲ್ಲ. ಟಿಕೆಟ್ಟಿನ ದಿನಾರು, ಸಿಗದ ರಜೆ,
ಇದ್ದಿದ್ದರೂ ಹೋಗುತ್ತಿರಲಿಲ್ಲ.
ಆ ದಿನ ಮಾತ್ರ ಯಾರದೋ ಹೆಸರು ತಲೆಕೆಳಗಾಗಿ ಹೊಲಿದು
ಬೈಸಿಕೊಂಡೆ.

ನಲವತ್ತೊಂದು, ಅಂದಳು.
ಎರಡು ಬೆರಳಲ್ಲಿ ಹಿಗ್ಗಿಸಿ ನನಗೂ ತೋರಿಸಿದಳು.
ಲಕೋಟೆ ಮುಟ್ಟಿದ್ದರೆ ಅದರಲ್ಲಿ ಒಂದು ಅವಳು.
ಮುಟ್ಟದಿದ್ದರೆ, ಅವಳನ್ನು ಬಿಟ್ಟೂ ನಲವತ್ತೊಂದು ಜನ,
ಹಿಂದೆ ಸರಿದವನಿಗೆ.
ಯಾವುದು ಹೆಚ್ಚು ಸಂತೋಷವೋ
ಅವಳ ಮುಖದಲ್ಲಿ ಗೊತ್ತಾಗಲಿಲ್ಲ.

ಐದೂವರೆ. ಕಟ್ಟು ಕಟ್ಟುವ ಮೊದಲು ಎಣಿಸಿದಳು:
ಇಪ್ಪತ್ತೈದು.
ಸಾಧ್ಯವಿಲ್ಲ ಅಂದೆ. ನಾನು ಎಣಿಸಿದೆ. ಇಪ್ಪತ್ತೈದು.
ನೆಲಕ್ಕೆ ಚಾಪೆ ಹಾಸಿ, ಮಂಡಿಯೂರಿ,
ಒಂದೊಂದೇ ಹೆಸರು ಗಟ್ಟಿಯಾಗಿ ಓದಿ ಮರು ಎಣಿಕೆ ಮಾಡಿದೆವು,
ಇದಿನಬ್ಬ ಸಾಕ್ಷಿ.
ಇಸ್ತ್ರಿ ಮೇಜಿನ ಕೆಳಗೆ ನೋಡಿದೆವು. ಚಿಂದಿಯ ಡಬ್ಬ ಸುರಿದೆವು.
ಹೊರಗೆ ವ್ಯಾನು ಹಾರ್ನು ಹೊಡೆಯಿತು.

ಆಮೇಲೆ ಇದಿನಬ್ಬನೇ ಬೆರಳು ತೋರಿಸಿದ,
ಅವಳ ಎದೆಗೆ.