ಮರಳಿನ ಡಬ್ಬಿ

ಗೆದ್ದವರ ಪಟ್ಟಿ ಬೇಕಿದ್ದರೆ ಕಚೇರಿಗೆ ಹೋಗಿ,
ಯಾರು, ಎಷ್ಟು, ಎಷ್ಟರ ಅಂತರ, ಎಲ್ಲ ಅಚ್ಚಾಗಿದೆ.
ನನ್ನ ಹತ್ತಿರ ಇರುವುದು ಈ ಬೋರ್ನ್‌ವಿಟಾ ಡಬ್ಬಿ.

ಮಾಗಡಿ ರೋಡಿನ ಒಳಗಲ್ಲಿ, ಸರ್ಕಾರಿ ಶಾಲೆ, ಆಯಾ ಕೆಲಸ.
ಹಿಂದಿನ ಸಂಜೆ ಲಾರಿಯಿಂದ ಇಳಿದವರು
ಮೊದಲು ಕೇಳುವುದು ಕಕ್ಕಸು ಎಲ್ಲಿ,
ಆಮೇಲೆ, ಅಮ್ಮಾ, ಒಂದಿಷ್ಟು ಮರಳು ಸಿಗತ್ತಾ?
ಶಾಯಿಯ ಸೀಸೆ ಉರುಳಬಾರದು ನೋಡಿ,
ಕುತ್ತಿಗೆವರೆಗೆ ಹೂಳಬೇಕು.
ಒಂಬತ್ತು ಲೋಕಸಭೆ ನಿಂತದ್ದು ಈ ಮರಳಿನ ಮೇಲೆ.

ಮೊದಲ ಸಲ ಮಿಲ್ಲಿನ ಮೂರೂ ಪಾಳಿ ಬಂದಿತ್ತು,
ತಲೆಗೂದಲಲ್ಲಿ ಹತ್ತಿಯ ಧೂಳು,
ತಗಡಿನ ಪೆಟ್ಟಿಗೆ, ಕಾಯಿಸಿದ ಅರಗಿನ ವಾಸನೆ.
ಚಿನ್ನತಾಯಮ್ಮ ಎಡಗೈ ಚಾಚಿದಳು:
ತೋರುಬೆರಳಿನ ಜಾಗದಲ್ಲಿ ಬರೀ ಒಂದು ಗಂಟು,
ಮಗ್ಗ ತಿಂದಿತ್ತು.
ಆಫೀಸರು ಹುಡುಗ ಬೆವರುತ್ತ ಪುಸ್ತಕ ತಿರುವಿ ಓದಿದ:
"ಅದಿಲ್ಲದಿದ್ದರೆ ಅದರ ಪಕ್ಕದ್ದು."
ಅವಳು ನಕ್ಕಳು. "ಕಂಪನೀಲಿ ಈ ರೂಲು ಇಲ್ಲ ಸ್ವಾಮಿ,
ಹೋದದ್ದಕ್ಕೆ ಇನ್ನೂರು ಕೊಟ್ಟು ಕಳಿಸಿದರು."

ಮುಂದಿನ ಸಲ ಮುಷ್ಕರ.
ಊಟದ ಕ್ಯಾರಿಯರ್ ಇಲ್ಲದ ಗಂಡಸರು
ಬಾಗಿಲು ತೆಗೆಯುವ ಮೊದಲೇ ಸಾಲು ಹಚ್ಚಿದರು,
ನಿಲ್ಲಲು ಬೇರೆಲ್ಲೂ ಸಾಲಿರಲಿಲ್ಲ.
ಅದರಾಚೆಯ ಸಲ, ಬೀಗ.

ಛತ್ರಿ ರಿಪೇರಿಯ ರಂಗೋಜಿ ಪಕ್ಷೇತರನಾಗಿ ನಿಂತ.
ಗುರುತು ಛತ್ರಿಯೇ ಬೇಕೆಂದು ಹಟ ಹಿಡಿದ, ಸಿಕ್ಕಿದ್ದು ಹೊಲಿಗೆ ಮೆಷಿನ್ನು.
ನಮ್ಮ ಬೂತಿನಲ್ಲಿ ಅವನಿಗೆ ಹನ್ನೊಂದು ವೋಟು.
ಮನೆಯಲ್ಲೇ ಹದಿನಾಲ್ಕಿದ್ದವು.
ಆ ಮೂವರು ಯಾರೆಂದು, ಸಾಯುವವರೆಗೂ,
ಊಟಕ್ಕೆ ಕೂತಾಗಲೆಲ್ಲ ಒಬ್ಬೊಬ್ಬರ ಮುಖ ನೋಡುತ್ತಿದ್ದನಂತೆ.
ಒಂದು ನಾನು ಹಾಕಿದ್ದೆ.
ಅಂದರೆ ನಾಲ್ವರು.

ಆಮೇಲೆ ಸರ್ಕಾರಗಳು ಬೀಳುವ ಕಾಲ.
ಉಗುರಿನ ಕಪ್ಪು ಬೆಳೆದು ಕತ್ತರಿಸಿ ಹೋಗುವಷ್ಟರಲ್ಲಿ ಮತ್ತೆ ಲಾರಿ.
ಡಬ್ಬಿಯನ್ನು ಅಟ್ಟಕ್ಕೆ ಏರಿಸುವುದನ್ನೇ ಬಿಟ್ಟೆ.
ಬಾಬಾಜಾನ್ ಬರೆದ ಗುರುತಿನ ಮೇಲೇ ಗುರುತು ಬರೆದ;
ಒಂದು ಮಳೆಗಾಲ ಸುಣ್ಣ ಕಳಚಿ,
ಕಮಲದೊಳಗಿಂದ ಚಕ್ರ, ಚಕ್ರದೊಳಗಿಂದ ಕೈ,
ಕೈಯೊಳಗಿಂದ ಒಂದು ಕರುವಿನ ಮೂತಿ ಇಣುಕಿತು.
"ಕರುವಿನ ಕೂಲಿಯೇ ಇನ್ನೂ ಬಾಕಿ" ಅಂದ ಬಾಬಾಜಾನ್.

ಪೆಟ್ಟಿಗೆ ಹೋಗಿ ಮೆಷಿನ್ನು ಬಂತು. ಒಂದು ಕುಂಯ್, ಮುಗೀತು.
ಮುದುಕರು ರಟ್ಟಿನ ಮರೆಯಲ್ಲೇ ನಿಂತು ಕಾದರು,
ಇನ್ನೇನೋ ಆಗಬೇಕಿದೆ ಎಂಬಂತೆ.

ಕೊನೆಯ ಸಲ, ಗಡಿಯನ್ನು ಹೊಸದಾಗಿ ಎಳೆದ ವರ್ಷ,
ಗಲ್ಲಿಯ ಎಡ ಮಗ್ಗುಲು ಒಬ್ಬ ಎಂಪಿಗೆ, ಬಲ ಮಗ್ಗುಲು ಇನ್ನೊಬ್ಬನಿಗೆ,
ನಡುವಿನ ಮೋರಿ ಯಾರದೆಂದು ಯಾರೂ ಹೇಳಲಿಲ್ಲ.
ಮಿಲ್ಲಿದ್ದ ಕಡೆ ಇಪ್ಪತ್ತು ಅಂತಸ್ತು ಎದ್ದಿತ್ತು,
ಅಲ್ಲಿಂದ ಬಂದವರು ಬೆರಳನ್ನು ಕ್ಯಾಮೆರಾಗೆ ತೋರಿಸಿ ಹೋದರು.

ಚಿನ್ನತಾಯಮ್ಮ ಕೋಲೂರಿಕೊಂಡು ಬಂದಳು.
ಪಟ್ಟಿಯಲ್ಲಿ ಅವಳ ಮುಖದ ಮೇಲೆ ಅಡ್ಡಡ್ಡ ಮೊಹರು.
"ತೀರಿಕೊಂಡಿದ್ದೀರಿ ಅಂತ ಇದೆ ಅಜ್ಜಿ."
ಅವಳು ಕೂಗಾಡಲಿಲ್ಲ.
"ಬೆರಳಿಲ್ಲದಿದ್ದರೆ ಪಕ್ಕದ್ದು ಅಂತ ಪುಸ್ತಕದಲ್ಲಿತ್ತು ಮಗಾ,
ಆಳೇ ಇಲ್ಲದಿದ್ದರೆ?"

ದಿನವೆಲ್ಲ ಜಗುಲಿಯಲ್ಲಿ ಕೂತಿದ್ದಳು. ನೀರು ಕೊಟ್ಟೆ, ಚಿತ್ರಾನ್ನ ಕೊಟ್ಟೆ.
ಐದು ಗಂಟೆಗೆ ಬಾಗಿಲು ಹಾಕಿ, ಸೀಲು ಒತ್ತಿ,
ಅವರು ಡಬ್ಬಿ ಹಿಂದಿರುಗಿಸಿದರು,
ಸೀಸೆಯ ಗುಂಡಿ ಹಾಗೇ ಇತ್ತು, ಸುತ್ತ ಕಪ್ಪು ಹರಳು.
ಲಾರಿ ಸದ್ದು ಮಾಡಿತು.

ಚಿನ್ನತಾಯಮ್ಮ ಪಕ್ಕದ ಬೆರಳನ್ನು ಆ ಗುಂಡಿಗೆ ಇಳಿಸಿ
ಮೆಲ್ಲಗೆ ತಿರುಗಿಸಿ ತೆಗೆದಳು.
ಒಣ ಮರಳು, ಜರಿದು ಬಿತ್ತು.
"ಹತ್ತಿತಾ ನೋಡು, ನನಗೆ ಕಣ್ಣು ಸಾಲದು."

ಹತ್ತಿತು ಅಂದೆ.