ಹಿಂದೆ ಬರೆದದ್ದು

ಹನ್ನೆರಡು ರೂಪಾಯಿ ಟಿಕೆಟ್ಟಿಗೆ ಇಪ್ಪತ್ತರ ನೋಟು.
ಟಿಕೆಟ್ಟಿನ ಬೆನ್ನ ಮೇಲೆ ಎಂಟು ಎಂದು ಗೀಚಿ
"ಇಳಿಯುವಾಗ ಕೇಳಿ" ಅಂದೆ.
ಹತ್ತೊಂಬತ್ತು ವರ್ಷದಿಂದ ಇದೇ ಮಾತು.
ಮೆಜೆಸ್ಟಿಕ್‌ನಲ್ಲಿ ಮಾಡಿದ ಸಾಲ
ಆಡುಗೋಡಿಯೊಳಗೆ ತೀರಬೇಕು.
ತೀರದಿದ್ದರೆ, ಇಳಿದವರು ಫುಟ್‌ಪಾತಿನಲ್ಲಿ ನಿಂತು
ಜೇಬು ತಡವಿಕೊಳ್ಳುವುದು
ಹಿಂದಿನ ಗಾಜಿನಲ್ಲಿ ಒಂದು ಗಳಿಗೆ ಕಾಣುತ್ತದೆ, ಅಷ್ಟೆ.

ಅವತ್ತು ಕಾರ್ಪೊರೇಷನ್ ಸಿಗ್ನಲ್ಲಿನಲ್ಲಿ
ಬಸ್ಸು ಬೇರು ಬಿಟ್ಟು ನಿಂತಾಗ
ಮೂರನೇ ಸೀಟಿನವನು ಪೇಪರ್ ಮಡಚಿ
ಎಲ್ಲರಿಗೂ ಕೇಳುವ ಹಾಗೆ ಹೇಳಿದ:
"ದೇಶದ ಸಾಲ ತಲೆಗಿಷ್ಟು ಅಂತ ಹಂಚಿದ್ದಾರೆ ನೋಡ್ರೀ,
ನಿಮಗೆ, ನನಗೆ, ಆಯಮ್ಮನ ಮಡಿಲಲ್ಲಿರೋ ಕೂಸಿಗೂ."
ಕೂಸು ಕಂಬಿ ಚೀಪುತ್ತಿತ್ತು.
ನಾನೂ ತಲೆ ಎಣಿಸುತ್ತಿದ್ದೆ, ಅದು ನನ್ನ ಕೆಲಸ:
ಐವತ್ತಮೂರು ತಲೆ, ಮೂವತ್ತೊಂದು ಸೊನ್ನೆ ಟಿಕೆಟ್ಟು.

ಸೊನ್ನೆಯವರ ಕಡೆ ತಿರುಗಿತು ಅವನ ಮಾತು:
"ಈಗ ಪುಕ್ಕಟೆ. ನಾಳೆ ನಿಮ್ಮ ಮಕ್ಕಳೇ ಕಟ್ಟಬೇಕು."
ಗಾರ್ಮೆಂಟ್ಸಿನ ಜಯಶೀಲಾ, ತೋಳಿಗಂಟಿದ ನೂಲಿನ ಚೂರು ಕೀಳುತ್ತಾ,
"ಕಟ್ಟಲಿ ಬಿಡಿ.
ಉಳಿದ ಬಸ್ ಚಾರ್ಜಲ್ಲೇ ಮಗಳ ಟ್ಯೂಷನ್ನು ನಡೀತಿದೆ.
ಓದದೆ ಇದ್ದರೆ ಅವಳು ಯಾವುದರಲ್ಲಿ ಕಟ್ಟಬೇಕು?"

ರಿಟೈರಾದ ಚೌರಪ್ಪನವರು ಕೆಮ್ಮಿ ಎದ್ದು ಕೂತರು:
"ನನ್ನ ಪಿಎಫ್ಫು, ನನ್ನ ವಿಮೆ, ಎಲ್ಲ ಸರ್ಕಾರದ ಬಾಂಡಲ್ಲಿ.
ಸಾಲ ಕೊಟ್ಟೋನು ನಾನೇ ಸ್ವಾಮಿ!
ಬಲಗೈ ಎಡಗೈಗೆ ಕೊಟ್ಟ ಕೈಸಾಲ ಇದು.
ಮೈ ಯಾಕೆ ಹೆದರಬೇಕು?"

ಬಲಗೈ, ಎಡಗೈ.
ನನಗೆ ಗೊತ್ತು ಆ ವಿಷಯ.
ಬಲಗೈಯಲ್ಲಿ ಮೆಷಿನ್ನು,
ಎಡಗೈ ಬೆರಳ ಸಂದಿಯಲ್ಲಿ ನೋಟು, ಅಂಗೈಯಲ್ಲಿ ಕಾಸು.
ಮೈ ಒಂದೇ.
ರಾತ್ರಿ ಸೋಪು ಹಾಕಿ ತಿಕ್ಕಬೇಕಾದ್ದು ಮಾತ್ರ
ಯಾವಾಗಲೂ ಎಡಗೈಯನ್ನೇ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಅಂದರು ಯಾರೋ.
ಹಾಸಿಗೆ ಯಾರದು, ಕಾಲು ಯಾರದು
ಅನ್ನುವಷ್ಟರಲ್ಲಿ ಸ್ಟಾಪು ಬಂತು, ಇಳಿದರು.

ಈಜಿಪುರದ ಹತ್ತಿರ ಕಂಬಗಳು ನಿಂತಿದ್ದವು,
ಮೇಲೆ ಹೊರಲು ರಸ್ತೆಯಿಲ್ಲದೆ.
ಸಾಲ ಸೇತುವೆಯಾದರೆ ಕೂಸೂ ಒಂದು ದಿನ ದಾಟೀತು.
ಕಂಬಕ್ಕೇ ನಿಂತರೆ?
ಅದರ ನೆರಳಲ್ಲಿ ಒಬ್ಬ ಕಲ್ಲಂಗಡಿ ಕೊಯ್ಯುತ್ತಿದ್ದ.
ಆ ನೆರಳಿಗೂ ಬಡ್ಡಿ ಓಡುತ್ತಿತ್ತು.

ಕೊನೇ ಟ್ರಿಪ್ಪಿನಲ್ಲಿ ಇಬ್ಬರು ಹುಡುಗರು ಹತ್ತಿದರು.
ಒಬ್ಬ ನನ್ನ ಮುಂದೆ ಒಂದು ಚೂರು ಕಾಗದ ಹಿಡಿದ:
"ತಾತ ಇಸ್ಕೊಳ್ಳೋದು ಮರ್ತಿದ್ರು.
ಈಗ ಅವ್ರಿಲ್ಲ. ಅಂಗಿ ಜೇಬಲ್ಲಿ ಸಿಕ್ತು."
ಹಳೇ ಟಿಕೆಟ್ಟು. ಮುಂದಿನದೆಲ್ಲ ಮಾಸಿ ಬೆಳ್ಳಗಾಗಿತ್ತು,
ಯಾವ ಬಸ್ಸು, ಯಾವ ದಿನ, ಎಲ್ಲಿಂದೆಲ್ಲಿಗೆ, ಏನೂ ಇಲ್ಲ.
ಹಿಂದೆ ಬಾಲ್‌ಪೆನ್ನಿನ ಮೂವತ್ತೆರಡು
ನಿನ್ನೆ ಬರೆದಷ್ಟು ನೀಲಿ.
ಅಕ್ಷರ ನನ್ನದಲ್ಲ.

ಕೊಟ್ಟೆ.

ಇನ್ನೊಬ್ಬ ಹುಡುಗ ಬಾಗಿಲ ಬಳಿ ನಿಂತು ನೋಡುತ್ತಿದ್ದ.
ಆಮೇಲೆ ತನ್ನ ಜೇಬನ್ನೂ ಒಮ್ಮೆ ಮುಟ್ಟಿ ನೋಡಿಕೊಂಡ.
ಅವನ ತಾತ ನಡೆದೇ ಓಡಾಡಿದವರಿರಬಹುದು.
ಇಬ್ಬರೂ ಒಂದೇ ಸ್ಟಾಪಿನಲ್ಲಿ ಇಳಿದರು.
ಚೌರಪ್ಪನವರೇ, ಬಲಗೈ ಎಡಗೈ ಎರಡೂ
ಒಂದೇ ಮನೆಗೆ ಹೋಗುವುದಿಲ್ಲ.

ಹಳೇ ಸಾಲಕ್ಕೆ ಹೊಸ ಸಾಲ ಎತ್ತುವ ಭಾಗ್ಯ ದೇಶಕ್ಕಿದೆ.
ನನ್ನ ಚೀಲ ದಿನಾ ರಾತ್ರಿ ಖಾಲಿಯಾಗಬೇಕು,
ಪೈಸೆ ಪೈಸೆ ತಾಳೆಯಾಗಬೇಕು.
ಡಿಪೋದಲ್ಲಿ ಎಣಿಸಿದಾಗ ಮೂವತ್ತೆರಡು ಕಡಿಮೆ.
ನನ್ನ ಪರ್ಸಿನಿಂದ ತೆಗೆದಿಟ್ಟೆ.
ಯಾಕೆ ಅಂದ ಕ್ಯಾಷಿಯರ್.
"ಹಿಂದೆ ಬರೆದಿತ್ತು" ಅಂದೆ.
ಅವನು ವೇಬಿಲ್ಲು ತಿರುಗಿಸಿ, ದೀಪಕ್ಕೆ ಹಿಡಿದು,
ಹಿಂದೆ ಹುಡುಕಿದ.