ಎಂಟು ಟೆರಾ

ಲುಥುಲಿ ಬೀದಿ, ಎರಡನೇ ಮಹಡಿಯ ಮೆಟ್ಟಿಲ ತಿರುವು.
ಅಂಗಡಿಯೆಂದರೆ ಒಂದು ಗಾಜಿನ ಪೆಟ್ಟಿಗೆ,
ಅದರ ಹಿಂದೆ ಮುತಿಸ್ಯ, ಮುತಿಸ್ಯನ ಹಿಂದೆ ಗೋಡೆ.
ಕ್ಯಾಮೆರಾ ಚೀಲ ಇಳಿಸಿ ಕೇಳಿದೆ:
ಹನ್ನೊಂದು ವರ್ಷದ ಮದುವೆಗಳು
ಎಷ್ಟರಲ್ಲಿ ಹಿಡಿಸ್ಯಾವು?

ಅವನು ನಗಲಿಲ್ಲ. ಮೆಕ್ಕೆಜೋಳ ಅಳೆಯುವವನ ಹಾಗೆ
ಕಣ್ಣಲ್ಲೇ ಲೆಕ್ಕ ಹಾಕಿದ.
"ಬರೀ ಮದುವೆಯೋ, ಸಾವೂ ಸೇರಿಯೋ?"
ಸಾವೂ ಸೇರಿ, ಅಂದೆ. ಜನ ಜಾಸ್ತಿ ಸೇರುವುದು ಅದಕ್ಕೇ,
ದುಡ್ಡು ಸರಿಯಾಗಿ ಬರುವುದೂ ಅದರಿಂದಲೇ.
"ಹಾಗಾದರೆ ನಾಲ್ಕು ಟೆರಾ ಸಾಲದು, ನಸಿಮಿಯು. ಎಂಟು ನೋಡು."

ಎಂಟು.
ಬೆರಳಿನಷ್ಟು ಉದ್ದ, ಬಿಸ್ಕತ್ತಿನಷ್ಟು ತೂಕ,
ಬೆಲೆ ಮಾತ್ರ ಒಂದು ಹಸುವಿನದು,
ಅದೂ ಕರು ಸಮೇತ.

ಕೆಳಗೆ ಬೀದಿಯಲ್ಲಿ ಒಬ್ಬ
ಹದಿನಾರು ಟೆರಾ, ಮೂರೇ ಸಾವಿರ ಶಿಲ್ಲಿಂಗ್ ಎಂದು ಕೂಗುತ್ತಿದ್ದ.
ಅದ್ಯಾಕಾಗಬಾರದು, ಅಂದೆ.
ಮುತಿಸ್ಯ ಡ್ರಾಯರಿನಿಂದ ಅಂಥದ್ದೇ ಒಂದು ತೆಗೆದು
ಉಗುರಿನಿಂದಲೇ ಬಿಚ್ಚಿದ:
ಒಳಗೆ ಅರವತ್ತನಾಲ್ಕು ಜಿಬಿಯ ಒಂದು ಚೂರು,
ತೂಕ ಬರಲೆಂದು ಅಂಟಿಸಿದ ಎರಡು ನಟ್ಟು.
"ಇದು ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಕೊಟ್ಟದ್ದೆಲ್ಲ ತಗೊಳ್ಳುತ್ತದೆ.
ತುಂಬಿದ ಮೇಲೆ ಹೊಸದನ್ನು ಹಳೆಯದರ ಮೇಲೇ ಬರೆಯುತ್ತದೆ.
ಹೆಸರೆಲ್ಲ ಹಾಗೇ ಕಾಣುತ್ತದೆ, ತೆರೆದರೆ ಬೂದಿ."
ನನ್ನ ಮೊದಲ ಗಂಡ ನೆನಪಾದ.
ಹೇಳಲಿಲ್ಲ.

ಆಮೇಲೆ ಒಳಗಿನ ಕೋಣೆಗಳ ಮಾತು.
ಒಂದೊಂದು ಕೋಣೆಯಲ್ಲಿ ಮೂರು ಬಿಟ್ ಕೂರಿಸುವುದು ಒಂದು ಜಾತಿ,
ನಾಲ್ಕು ತುರುಕುವುದು ಇನ್ನೊಂದು.
ನಾಲ್ಕರದು ಅಗ್ಗ, ಮೊದಮೊದಲು ಓಡುತ್ತದೆ,
ತುಂಬುತ್ತ ಬಂದಂತೆ ಏದುಸಿರು.
ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.
ಸಂಜೆ ಆರರ ಮಟಾಟು, ಹದಿನಾಲ್ಕು ಸೀಟು, ಇಪ್ಪತ್ತೆರಡು ಜನ,
ಯಾರದೋ ಮೊಣಕೈ ನನ್ನ ಕಿವಿಯಲ್ಲಿ.
ಮೂರರದೇ ಕೊಡು, ಅಂದೆ.

ಅಂದದ್ದೇನೋ ಅಂದೆ. ಹಸು ಕರುವಿನ ದುಡ್ಡು ಎಲ್ಲಿತ್ತು?
ಕೈಯಲ್ಲಿದ್ದದ್ದು ನಾಲ್ಕರ ಬೆಲೆ.
ಹಾಗಾದರೆ ಅರ್ಧ ಬಿಡಬೇಕು. ಯಾವ ಅರ್ಧ?
ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪಟ್ಟಿ ತೆಗೆದೆ.
ಆರೇ ತಿಂಗಳಿಗೆ ಮುರಿದ ಕಿಸುಮುವಿನ ಜೋಡಿ, ಅಳಿಸು.
ಇವತ್ತಿಗೂ ಬಾಕಿ ಕೊಡದ ಆ ಮದುಮಗ, ಮೊದಲು ಅವನನ್ನೇ ಅಳಿಸು.

ಬೆರಳು ನಿಂತಿತು.
ಹೋದ ವರ್ಷ ಬುಂಗೋಮದಿಂದ ಒಬ್ಬ ಬಂದಿದ್ದ.
ಆ ಮದುವೆಯ ಹಿಂದಿನ ಸಾಲಿನಲ್ಲಿ ಅವನ ಅಣ್ಣ,
ನಾಲ್ಕೇ ಸೆಕೆಂಡು,
ಸೋಡಾ ಬಾಟಲಿಯ ಮುಚ್ಚಳ ಹಲ್ಲಿನಿಂದ ಕೀಳುತ್ತಾ.
"ಅಣ್ಣನ ಬೇರೆ ಚಿತ್ರಗಳಿವೆ," ಅಂದಿದ್ದ,
"ಯಾವುದೂ ಅಲುಗಾಡುವುದಿಲ್ಲ."

ವಾಪಸು ಹತ್ತಿ ಹೋದೆ. ದೂರದ್ದನ್ನು ಹತ್ತಿರ ತರುವ
ಉದ್ದನೆಯ ಲೆನ್ಸನ್ನು ಗಾಜಿನ ಮೇಲಿಟ್ಟೆ.
ಮುತಿಸ್ಯ ಅದನ್ನು ಕಣ್ಣಿಗೆ ಹಿಡಿದು ಬೀದಿಯತ್ತ ನೋಡಿದ,
ಬಹಳ ಹೊತ್ತು ನೋಡಿದ,
ಆಮೇಲೆ ಎಂಟನ್ನು ಕವರಿನಲ್ಲಿ ಹಾಕಿ ಕೊಟ್ಟ.
"ಕಪಾಟಿನಲ್ಲಿಟ್ಟು ಮರೆತುಬಿಡಬೇಡ.
ಕರೆಂಟಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಒಳಗಿದ್ದದ್ದು ಮೆಲ್ಲಗೆ ಸೋರುತ್ತದೆ.
ಆಗಾಗ ಎಬ್ಬಿಸು."
ಇಷ್ಟು ಕೊಟ್ಟರೂ?
"ಇಷ್ಟು ಕೊಟ್ಟರೂ."

ತಿಂಗಳಿಗೊಂದು ಭಾನುವಾರ ಸಿಕ್ಕಿಸುತ್ತೇನೆ.
ನೀಲಿ ದೀಪ ಮಿಣುಕುತ್ತದೆ. ಏನನ್ನೂ ತೆರೆಯುವುದಿಲ್ಲ,
ಚಹಾ ಮುಗಿಯುವ ತನಕ ಹಾಗೇ ಬಿಡುತ್ತೇನೆ.
ಇನ್ನೂ ಒಂದು ಟೆರಾದಷ್ಟು ಜಾಗ ಖಾಲಿ.
ಬರುವ ಶನಿವಾರ ಥಿಕಾದಲ್ಲಿ ಮದುವೆ.
ಲೆನ್ಸಿಲ್ಲ.
ಹತ್ತಿರ ಹೋಗಿಯೇ ನಿಲ್ಲಬೇಕು.